ಬಿಲ್ ಕಲೆಕ್ಟರ್ ಅಪ್ಪ ಮತ್ತು ಬಾರದ ಬಿಲ್ಲು

ಅಕ್ಟೋಬರ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಅಪ್ಪ ಬಚ್ಚಲುಮನೆ ಬಾಗಿಲಲ್ಲಿ ಕುಸಿದು ಕೂತರು. ಬೀಳಲಿಲ್ಲ, ಗೋಡೆ ಸವರಿಕೊಂಡು ನಿಧಾನಕ್ಕೆ ಜಾರಿದರು ಅಂತ ಅಮ್ಮ ಆಮೇಲೆ ಹತ್ತು ಸಲ ಹೇಳಿದಳು. ಹಾಗಂದರೆ ಆದದ್ದು ಸ್ವಲ್ಪ ಚಿಕ್ಕದಾಗುತ್ತೆ ಅನ್ನೋ ಹಾಗೆ. ನಾನು ಓಡಿ ಬಂದು ನೋಡಿದಾಗ ಬನಿಯನ್ನು ಹಿಂಡಿದರೆ ನೀರು ಬರುವಷ್ಟು ಬೆವತಿದ್ದರು. ಮಾತು ತೊದಲುತ್ತಿತ್ತು. ನನ್ನನ್ನು ಅವರ ತಂಗಿಯ ಹೆಸರಿಂದ ಕರೆದರು. ಅತ್ತೆ ತೀರಿಕೊಂಡು ಒಂಬತ್ತು ವರ್ಷ ಆಯ್ತು.

ಇಲ್ಲಿ ಅಮೆರಿಕದಲ್ಲಿ ತುರ್ತಿಗೆ ಕರೆಯೋ 911ಕ್ಕೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು ವಿಳಾಸ. ಆಮೇಲೆ ವಯಸ್ಸೆಷ್ಟು, ಎಚ್ಚರ ಇದೆಯಾ, ಉಸಿರಾಟ ಸರಿ ಇದೆಯಾ, ಎದೆನೋವು ಉಂಟಾ. 'ಎದೇಲಿ ನೋವಿದೆಯಾ ಅಪ್ಪಾ?' ಅಂತ ನಾನು ಕೂಗಿದೆ. 'ಏನೋ ಒಂಥರಾ' ಅಂದರು. ಗಾಬರಿಯಲ್ಲಿ ಅದನ್ನೇ ಕನ್ನಡದಲ್ಲೇ ಫೋನಿಗೂ ಹೇಳಿಬಿಟ್ಟೆ. ಆಕೆ ಸುಮ್ಮನಿದ್ದು, ಇನ್ನೊಂದು ಸಲ ಹೇಳಿ ಅಂದಳು.

ಬಂದದ್ದು ಬೆಂಕಿ ಆರಿಸೋ ಗಾಡಿ. ಅಮ್ಮ ಕಿಟಕಿಯಿಂದ ನೋಡಿ 'ಅಯ್ಯೋ, ಇವರ್‍ಯಾಕೆ ಬಂದ್ರು, ಮನೆಗೆ ಬೆಂಕಿ ಬಿದ್ದಿಲ್ವಲ್ಲ' ಅಂದಳು. ಮೂರು ಜನ, ದಪ್ಪ ಬೂಟು ಹಾಕಿಕೊಂಡೇ ದೇವರ ಗೂಡಿನ ಮುಂದೆ ಹಾದು ಒಳಗೆ ಬಂದರು. ಒಬ್ಬ ಬಿಪಿ ಪಟ್ಟಿ ಕಟ್ಟಿದ, ಇನ್ನೊಬ್ಬಳು ಬೆರಳು ಚುಚ್ಚಿದಳು. ರಕ್ತದ ಸಕ್ಕರೆ 46, ತೀರಾ ಕಡಿಮೆ. ಅಷ್ಟರಲ್ಲಿ ಇನ್ನೊಂದು ಗಾಡಿ ಬಂದು ಇಬ್ಬರು ಪ್ಯಾರಾಮೆಡಿಕ್‌ಗಳು ಇಳಿದರು. ಎದೆಗೆಲ್ಲ ವೈರು ಅಂಟಿಸಿ ಇಸಿಜಿ ತೆಗೆದರು. ಹೃದಯ ಸರಿಯಾಗೇ ಇತ್ತು. ತಪ್ಪಿದ್ದು ಲೆಕ್ಕ: ಅಪ್ಪನದು ಶನಿವಾರದ ಒಪ್ಪತ್ತು, ಮಧ್ಯಾಹ್ನದವರೆಗೆ ಏನೂ ತಿನ್ನೋದಿಲ್ಲ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ದಿನದ ಅಭ್ಯಾಸದಂತೆ ಬೆಳಿಗ್ಗೆ ಏಳಕ್ಕೇ ನುಂಗಿದ್ದರು.

ಒಂದು ಟ್ಯೂಬಿನಿಂದ ದ್ರಾಕ್ಷಿ ವಾಸನೆಯ ಗ್ಲೂಕೋಸ್ ಲೋಳೆಯನ್ನು ಬಾಯಿಗೆ ಹಿಂಡಿದರು. ಹದಿನೈದು ನಿಮಿಷದಲ್ಲಿ 90ರ ಮೇಲೆ ಬಂತು. ಅಪ್ಪ ಕಣ್ಣು ಅರಳಿಸಿ ಸುತ್ತಲೂ ಐದು ಜನ ಯೂನಿಫಾರ್ಮಿನವರನ್ನು ನೋಡಿ, ನನ್ನ ಕಡೆ ತಿರುಗಿ, ಮೊದಲು ಕೇಳಿದ ಪ್ರಶ್ನೆ: 'ಇವರಿಗೆಲ್ಲ ಎಷ್ಟು ಕೊಡಬೇಕು?'

ಈ ಪ್ರಶ್ನೆ ಅವರಿಗೆ ಸಹಜ. ಅಪ್ಪ ತಿಪಟೂರು ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವರು. 1987ರಲ್ಲಿ ಮಂಡಲ ಪಂಚಾಯ್ತಿ ಬಂದಾಗ ಸೇರಿ, ಅದು ಗ್ರಾಮ ಪಂಚಾಯ್ತಿ ಆದಮೇಲೂ ಇದ್ದು, 2014ರಲ್ಲಿ ಬಿಟ್ಟರು. ಪಿಂಚಣಿ ಇಲ್ಲದ ನೌಕರಿ. ಕಂಕುಳಲ್ಲಿ ರಸೀದಿ ಪುಸ್ತಕ, ಜೇಬಲ್ಲಿ ಕಾರ್ಬನ್ ಹಾಳೆ, ಸೈಕಲ್ಲಿನಲ್ಲಿ ಆರು ಹಳ್ಳಿ. ಕಂದಾಯ ಕೇಳಲು ಹೋದರೆ ಜನ 'ಕೊಬ್ಬರಿ ಮಾರಿದ ಮೇಲೆ ಬಾರಣ್ಣ' ಅನ್ನೋರು. ಕೊಬ್ಬರಿ ರೇಟು ಬಿದ್ದ ವರ್ಷ ಇಡೀ ಪಂಚಾಯ್ತಿಯ ಬಾಕಿ ಪಟ್ಟಿ ಉದ್ದವಾಗೋದು. ಹಿಂದಿನ ಬಾಕಿ ತೀರಿಸೋರು ಯಾವಾಗ ಅಂದರೆ, ಸಾಲಕ್ಕೋ ಖಾತೆ ಬದಲಾವಣೆಗೋ ಪಂಚಾಯ್ತಿಯ ಕಾಗದ ಬೇಕಾದಾಗ. ಅವರ ಬದುಕಿನ ಅರ್ಧ ಬೇಡಿಕೆ, ವಸೂಲಿ, ಬಾಕಿ ಅನ್ನೋ ಮೂರು ಕಾಲಮ್ಮಿನಲ್ಲೇ ಕಳೆದಿದೆ. ಯಾವುದೂ ಬಿಟ್ಟಿ ಬರಲ್ಲ, ಎಲ್ಲೋ ಒಂದು ಕಡೆ ಯಾರೋ ಒಬ್ಬ ರಸೀದಿ ಹರಿದಿರ್ತಾನೆ ಅನ್ನೋದು ಅವರ ವೇದಾಂತ.

ಬಂದವರು ಏನೂ ಕೇಳಲಿಲ್ಲ. ಆಸ್ಪತ್ರೆಗೆ ಬರಲ್ಲ ಅಂತ ಅಪ್ಪ ಹಟ ಹಿಡಿದದ್ದಕ್ಕೆ ಒಂದು ಸಹಿ ಹಾಕಿಸಿಕೊಂಡರು, ಈಗಲೇ ಹೊಟ್ಟೆತುಂಬ ಏನಾದರೂ ತಿನ್ನಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಅಂದರು. ಅಮ್ಮ ಕೊಟ್ಟ ಕಾಫಿ ಬೇಡ ಅಂದರು. ಹೋದರು. ಅಮ್ಮ ಬೂಟಿನ ಗುರುತು ಒರೆಸಿದಳು.

ಅವತ್ತಿನಿಂದ ಅಪ್ಪ ದಿನಾ ಮಧ್ಯಾಹ್ನ ಟಪಾಲು ಪೆಟ್ಟಿಗೆ ತೆಗೆದು ನೋಡೋಕೆ ಶುರು ಮಾಡಿದರು. 'ಬಿಲ್ ಬಂದರೆ ನನಗೆ ಹೇಳು. ಈ ವರ್ಷ ಕೊಬ್ಬರಿ ರೇಟು ಚೆನ್ನಾಗಿದೆ, ನಾನೇ ಕಟ್ತೀನಿ.' ನನಗೂ ಒಳಗೊಳಗೇ ಭಯ ಇತ್ತು. ಇಲ್ಲಿನ ಆಂಬುಲೆನ್ಸ್ ಬಿಲ್ಲಿನ ಕಥೆಗಳನ್ನು ಅಮೆರಿಕದಲ್ಲಿರುವ ಪ್ರತಿಯೊಬ್ಬ ಕನ್ನಡಿಗನೂ ದೆವ್ವದ ಕಥೆಯಂತೆ ಹೇಳ್ತಾನೆ. ನನ್ನ ಗೆಳತಿಯ ಮಗ ಆಟದಲ್ಲಿ ಕಾಲು ಮುರಿದುಕೊಂಡಾಗ ಖಾಸಗಿ ಆಂಬುಲೆನ್ಸಿನಲ್ಲಿ ನಾಲ್ಕು ಮೈಲಿ ಹೋದದ್ದಕ್ಕೆ ಸಾವಿರ ಡಾಲರಿನ ಮೇಲೆ ಬಿಲ್ ಬಂದಿತ್ತು. ಅಪ್ಪ ಅಮ್ಮನಿಗೆ ಮಾಡಿಸಿರೋ ಸಂದರ್ಶಕರ ಇನ್ಶೂರೆನ್ಸು ಎಂಥದ್ದು ಅಂತ ಗೊತ್ತಲ್ಲ, ಹೆಸರಿಗಿದೆ.

ಎರಡು ವಾರ ಆಯ್ತು, ಬಿಲ್ ಬರಲಿಲ್ಲ. ಬಂದದ್ದು ಓಟಿನ ಲಕೋಟೆ.

ನಾವಿರೋದು ಸಿಯಾಟಲ್ ಪಕ್ಕದ ಬಾಥೆಲ್ ಊರಲ್ಲಿ, ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇಲ್ಲಿ ಓಟಿನ ಚೀಟಿ ಮನೆಗೇ ಟಪಾಲಿನಲ್ಲಿ ಬರುತ್ತೆ. ನಾನು ಸಿಟಿಜನ್ ಆಗಿ ಮೂರು ವರ್ಷ. ಅವತ್ತು ಸಂಜೆ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತಾಗ ಮೊದಲನೇ ಪ್ರಸ್ತಾಪವೇ ಇದು: ಮೆಡಿಕ್ ಒನ್ ಅನ್ನೋ ತುರ್ತು ವೈದ್ಯಕೀಯ ಸೇವೆಗೆ ಆಸ್ತಿ ತೆರಿಗೆಯಲ್ಲಿ ಲೆವಿ, ಅಂದರೆ ಜನರ ಒಪ್ಪಿಗೆ ಕೇಳಿ ಹಾಕೋ ಕರ. ಮನೆ ಬೆಲೆಯ ಪ್ರತಿ 1,000 ಡಾಲರಿಗೆ 25 ಸೆಂಟು, 2026ರಿಂದ ಆರು ವರ್ಷ. ಒಪ್ಪಿಗೆಯೋ, ಇಲ್ಲವೋ.

ಓದಿ ಹೇಳಿದೆ. ಅಪ್ಪನಿಗೆ ಕೇಳಿಸಿದ್ದು 'ಲೆವಿ' ಒಂದೇ ಪದ.

'ಲೆವೀನಾ? ಅದು ನಮ್ಮ ಕಾಲಕ್ಕೇ ಹೋಯ್ತಲ್ಲ!'

ಅವರ ಮಟ್ಟಿಗೆ ಲೆವಿ ಅಂದರೆ ಹುಡುಗರಾಗಿದ್ದಾಗ ಸರ್ಕಾರದವರು ಮನೆಗೆ ಬಂದು ಅಳೆದುಕೊಂಡು ಹೋಗುತ್ತಿದ್ದ ಧಾನ್ಯ. ತಾತ ಹಗೇವಿನೊಳಗೆ ರಾಗಿ ಬಚ್ಚಿಟ್ಟು ಮೇಲೆ ತಿಪ್ಪೆ ಹರವಿದ್ದರಂತೆ. ಈ ಕಥೆ ನಾವೆಲ್ಲ ಸಾವಿರ ಸಲ ಕೇಳಿದ್ದೀವಿ. 'ಲೆವಿ ಅಂದ್ರೆ ಬಚ್ಚಿಡೋದು ಕಣಮ್ಮ. ಲೆವಿ ಹಾಕ್ಕೊಳ್ಳಿ ಅಂತ ಓಟು ಹಾಕೋ ಜನಾನ ನಾನು ಎಲ್ಲೂ ಕಂಡಿಲ್ಲ.'

ಆಗ ನನಗೆ ಹೊಳೆದದ್ದು. 'ಅಪ್ಪ, ನೀವು ಎರಡು ವಾರದಿಂದ ಕಾಯ್ತಿದ್ದೀರಲ್ಲ ಬಿಲ್ಲು, ಅದು ಇದೇ.'

ಹೇಳೋಕೆ ಹೇಳಿಬಿಟ್ಟೆ. ಆದರೆ ಇದರ ಬಗ್ಗೆ ನನಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೇ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿದ್ದೀವಿ, ತೆರಿಗೆ ಚೀಟಿಯನ್ನು ಒಂದು ಸಲವೂ ಕಣ್ಣಾರೆ ನೋಡಿಲ್ಲ. ಮನೆಸಾಲದ ಕಂತಿನ ಜೊತೆಯಲ್ಲೇ ಬ್ಯಾಂಕಿನವರು ತೆರಿಗೆ ಹಿಡಿದುಕೊಂಡು, ಏಪ್ರಿಲಿನಲ್ಲಿ ಅರ್ಧ, ಅಕ್ಟೋಬರಿನಲ್ಲಿ ಅರ್ಧ ಅವರೇ ಕಟ್ಟಿಬಿಡ್ತಾರೆ. 'ಏನೇನು ಕಂದಾಯ ಕಟ್ತೀಯ ಅಂತ ನಿನಗೇ ಗೊತ್ತಿಲ್ವಾ?' ಅಂತ ಅಪ್ಪ ಕೇಳಿದ ಧಾಟಿ ಹೇಗಿತ್ತು ಅಂದರೆ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ನೋಡಿದಾಗಿನ ಮುಖ ನೆನಪಾಯ್ತು. ಲ್ಯಾಪ್‌ಟಾಪ್ ತೆಗೆದು ಕೌಂಟಿಯ ಸೈಟಿನಲ್ಲಿ ನಮ್ಮ ಮನೆಯ ಲೆಕ್ಕ ಹುಡುಕಿದೆ.

ಪಟ್ಟಿ ಬಂತು: ರಾಜ್ಯದ ಶಾಲೆ, ಊರಿನ ಶಾಲೆ, ಕೌಂಟಿ, ನಗರ, ಬಂದರು, ರೈಲು, ಪ್ರವಾಹ ನಿಯಂತ್ರಣ, ಗ್ರಂಥಾಲಯ, ತುರ್ತು ವೈದ್ಯಕೀಯ. ಅಪ್ಪ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದರು. ಗ್ರಂಥಾಲಯ ಅಂದದ್ದೇ ತಡ ಮುಖ ಅರಳಿತು.

'ನಮ್ಮದರಲ್ಲೂ ಇದೆ! ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3. ಕಾಲಮ್ಮು ಕಾಲಮ್ಮಾಗಿ ಬರೆದಿದ್ದೀನಿ ಇಪ್ಪತ್ತೇಳು ವರ್ಷ.' ಆಮೇಲೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಇನ್ನೊಮ್ಮೆ ಬೆರಳಾಡಿಸಿ, 'ಇಲ್ಲಿ ಭಿಕ್ಷುಕರ ಕರ ಇಲ್ವಾ?'

ಸಿಯಾಟಲ್ ಡೌನ್‌ಟೌನಿನ ಫುಟ್‌ಪಾತಿನ ಮೇಲಿನ ಟೆಂಟುಗಳನ್ನು ಹಿಂದಿನ ವಾರವಷ್ಟೇ ತೋರಿಸಿದ್ದೆ. ಉತ್ತರ ಹೇಳದೆ ಲೆವಿಯ ಕಡೆ ಮಾತು ತಿರುಗಿಸಿದೆ.

ಆ ರಾತ್ರಿ ಇಬ್ಬರೂ ಕೂತು ಓದಿದ್ದು, ಆಮೇಲೆ ನಾನು ಕೆದಕಿದ್ದು ಎಲ್ಲ ಸೇರಿಸಿ ಹೇಳ್ತೀನಿ. ಮೆಡಿಕ್ ಒನ್ ಶುರುವಾದದ್ದು 1970ರ ಮಾರ್ಚಿನಲ್ಲಿ, ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯಿಂದ. ಲೆನರ್ಡ್ ಕಾಬ್ ಅನ್ನೋ ಹೃದಯ ವೈದ್ಯರು, ಗಾರ್ಡನ್ ವಿಕರಿ ಅನ್ನೋ ಫೈರ್ ಚೀಫ್ ಇಬ್ಬರ ಕೂಸು. ಅದಕ್ಕೂ ಮೊದಲು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಅನ್ನೋ ವೈದ್ಯರು ಹೃದಯಾಘಾತವಾದವರ ಹತ್ತಿರಕ್ಕೇ ಡಾಕ್ಟರನ್ನೂ ಹೃದಯಕ್ಕೆ ಶಾಕ್ ಕೊಡೋ ಡೀಫಿಬ್ರಿಲೇಟರ್ ಯಂತ್ರವನ್ನೂ ಗಾಡಿಯಲ್ಲಿ ಕಳಿಸಿ ತೋರಿಸಿದ್ದರು. ಸಿಯಾಟಲ್‌ನವರು ಡಾಕ್ಟರ ಬದಲು ಬೆಂಕಿ ಆರಿಸೋರಿಗೇ ಆ ವಿದ್ಯೆ ಕಲಿಸಿದರು. ಮೊದಲ ಗಾಡಿ ಎಷ್ಟು ಡೊಳ್ಳುಹೊಟ್ಟೆಯದ್ದಾಗಿತ್ತು ಅಂದರೆ 'ಮೋಬಿ ಪಿಗ್' ಅಂತ ಅಡ್ಡಹೆಸರು ಬಿತ್ತು. ಈಗಲೂ ಇಲ್ಲಿನ ಪ್ಯಾರಾಮೆಡಿಕ್‌ಗಳು ಹಾರ್ಬರ್‌ವ್ಯೂನಲ್ಲೇ ಎರಡು ಸಾವಿರ ಗಂಟೆಗೂ ಮೀರಿ ಕಲಿತು ಹೊರಬರ್ತಾರೆ.

ಕೌಂಟಿಯಲ್ಲಿ ಇದಕ್ಕಂತ ಲೆವಿ ಬಂದದ್ದು 1979ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಕೆಲವು ವರ್ಷಕ್ಕೊಮ್ಮೆ ಜನರ ಮುಂದೆ ಹೋಗಿ ನಿಲ್ಲುತ್ತೆ, ನವೀಕರಿಸಿಕೊಳ್ಳುತ್ತೆ. ಬಂದ ದುಡ್ಡಿನಲ್ಲಿ ಮೊದಲ ಪಾಲು ಪ್ಯಾರಾಮೆಡಿಕ್‌ಗಳದ್ದು. ಮೊದಲು ಬಂದ ಬೂಟಿನ ಮೂರು ಜನರ ಖರ್ಚಿಗೆ ಒಂದಿಷ್ಟು ಮಾತ್ರ ಇದರಿಂದ ಹೋಗುತ್ತೆ, ಉಳಿದದ್ದು ಆಯಾ ಊರಿನ ಅಥವಾ ಫೈರ್ ಡಿಸ್ಟ್ರಿಕ್ಟಿನ ಬೇರೆ ತೆರಿಗೆಯಿಂದ. ಹಾಗಾಗಿ ಗೆಳತಿಯ ಮಗನ ಕಾಲಿಗೆ ಬಿಲ್ ಬಂದದ್ದಕ್ಕೂ ಅಪ್ಪನಿಗೆ ಬಾರದ್ದಕ್ಕೂ ವ್ಯತ್ಯಾಸ ಅರ್ಥ ಆಯ್ತು. ಜೀವಕ್ಕೆ ಅಪಾಯ ಇಲ್ಲದವರನ್ನು ಆಸ್ಪತ್ರೆಗೆ ಸಾಗಿಸೋ ಕೆಲಸವನ್ನು ಬಹಳ ಕಡೆ ಖಾಸಗಿಯವರು ಮಾಡ್ತಾರೆ, ಅವರು ಮೀಟರ್ ಹಾಕ್ತಾರೆ.

ಅಪ್ಪ ಬಗ್ಗಲಿಲ್ಲ. 'ನಮ್ಮೂರಲ್ಲಿ 108ಕ್ಕೆ ಫೋನ್ ಮಾಡಿದ್ರೆ ಒಂದು ಪೈಸೆ ಕೇಳಲ್ಲ. ಓಟೂ ಇಲ್ಲ, ಲೆವೀನೂ ಇಲ್ಲ. ಇದರಲ್ಲೇನು ಹೆಚ್ಚುಗಾರಿಕೆ?'

ಮಾತು ನಿಜ. 108 ಕರ್ನಾಟಕದಲ್ಲಿ 2008ರ ರಾಜ್ಯೋತ್ಸವದ ದಿನ ಶುರುವಾದದ್ದು, ಅವತ್ತಿನಿಂದ ಇವತ್ತಿನವರೆಗೂ ರೋಗಿಗೆ ಬಿಟ್ಟಿ. ದುಡ್ಡು ಮೇಲಿಂದ, ಸರ್ಕಾರದಿಂದ ಬರುತ್ತೆ. 'ಸರಿ, ನೀವು ಇಪ್ಪತ್ತೇಳು ವರ್ಷ ಬರೆದ ಆರೋಗ್ಯ ಕರ ಯಾವುದಕ್ಕೆ ಹೋಯ್ತು?' ಅಂತ ಕೇಳಿದೆ.

ಅಪ್ಪ ಯೋಚಿಸಿದರು. 'ಚಲನ್ ತುಂಬಿ ಕಟ್ತಿದ್ವಿ. ಮೇಲಕ್ಕೆ ಹೋಗ್ತಿತ್ತು.'

'ಮೇಲಕ್ಕೆ ಅಂದ್ರೆ?'

'ಮೇಲಕ್ಕೆ ಅಂದ್ರೆ ಮೇಲಕ್ಕೆ.' ಸ್ವಲ್ಪ ಸಿಡುಕಿದರು. 'ನನ್ನ ಯಾರೂ ಕೇಳಿದ್ದಿಲ್ಲ, ನಾನೂ ಯಾರನ್ನೂ ಕೇಳಿದ್ದಿಲ್ಲ.'

ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲ. ಆರೋಗ್ಯದ ಹೆಸರಲ್ಲಿ ಆಸ್ತಿ ತೆರಿಗೆಯ ಮೇಲೆ ಕರ ಹಾಕೋದು ನಮ್ಮಲ್ಲಿ 1962ರ ಕಾಯ್ದೆಯಿಂದ ಇದೆ, ಇಲ್ಲಿನ ಲೆವಿಗಿಂತ ಹಳೇದು! ಬೆಂಗಳೂರಿನಲ್ಲಿ ಮನೆ ಇರೋರು ಚಲನ್ ತೆಗೆದು ನೋಡಿ, ನಿಮ್ಮ ತೆರಿಗೆಯ ಮೇಲೂ ಅದೇ 15, 6, 3 ಕೂತಿರುತ್ತೆ. ವಿಚಿತ್ರ ಅಂದರೆ, ಅಲ್ಲಿ ನನಗೆ ಸಿಟ್ಟೂ ಬಂದಿರಲಿಲ್ಲ, ಕುತೂಹಲವೂ ಹುಟ್ಟಿರಲಿಲ್ಲ. ಇಲ್ಲಿ 25 ಸೆಂಟಿಗೆ ರಾತ್ರಿ ಹನ್ನೊಂದರವರೆಗೆ ಕೂತಿದ್ದೀನಿ. ಯಾಕೆ ಅಂದರೆ ಕೇಳಿದ್ದಾರೆ, ಅದಕ್ಕೆ.

ಲೆಕ್ಕದ ಒಳಸುಳಿ ನನಗಿಂತ ಬೇಗ ಅಪ್ಪನಿಗೆ ಹತ್ತಿತು. ಇಲ್ಲಿನ ಆಸ್ತಿ ತೆರಿಗೆ, ಮನೆ ಬೆಲೆ ಏರಿದಷ್ಟೂ ಏರೋದಿಲ್ಲ. ಇಂಥ ಲೆವಿಯ ಒಟ್ಟು ವಸೂಲಿ ಜನರ ಒಪ್ಪಿಗೆ ಇಲ್ಲದೆ ವರ್ಷಕ್ಕೆ ಶೇಕಡಾ 1ಕ್ಕಿಂತ ಹೆಚ್ಚು ಬೆಳೆಯೋ ಹಾಗಿಲ್ಲ, ಹೊಸದಾಗಿ ಕಟ್ಟಿದ ಮನೆಗಳ ಪಾಲು ಬಿಟ್ಟು. ಹಾಗಾಗಿ ಬೆಲೆಗಳು ಹಾರಿದ ವರ್ಷ ಸೆಂಟಿನ ದರ ತಾನಾಗೇ ಇಳಿಯುತ್ತೆ. 'ಅಂದ್ರೆ ಬೇಡಿಕೆ ಮೊದಲೇ ಫಿಕ್ಸು, ಹಂಚಿಕೆ ಮಾತ್ರ ಮನೆ ನೋಡಿ' ಅಂದರು. ನನಗೆ ಎರಡು ಪುಟ ಓದಿದ ಮೇಲೆ ಅರ್ಥವಾದದ್ದು ಅವರಿಗೆ ಒಂದು ಸಾಲಿನಲ್ಲಿ. ಹಿಂದಿನ ಸಲ, 2019ರಲ್ಲಿ, ಜನ ಒಪ್ಪಿದ್ದು 26.5 ಸೆಂಟು. ಆರು ವರ್ಷದಲ್ಲಿ ದರ ಅದಕ್ಕಿಂತ ಕೆಳಗೆ ಬಂದಿತ್ತು, ಈಗ ಮತ್ತೆ 25ಕ್ಕೆ ಏರಿಸಿ ಅಂತಾರೆ. ಪಕ್ಕದ ಮನೆಯ ಮುದುಕ 'ಏರಿಸ್ತಿದ್ದಾರೆ' ಅಂತ ಗೊಣಗಿದ್ದೂ ನಿಜ, 'ಹಿಂದಿನ ಸಲಕ್ಕಿಂತ ಕಡಿಮೆ' ಅನ್ನೋ ಪ್ರಚಾರವೂ ನಿಜ. ಇನ್ನು ಸಂಬಳ, ಔಷಧಿ, ಗಾಡಿ ಇವುಗಳ ಖರ್ಚಂತೂ ಶೇಕಡಾ 1ರಲ್ಲಿ ನಿಲ್ಲಲ್ಲ, ಆದ್ದರಿಂದಲೇ ಆರು ವರ್ಷ ಮುಗಿಯೋ ಹೊತ್ತಿಗೆ ಮತ್ತೆ ಬಾಗಿಲು ತಟ್ಟಬೇಕು.

'ಜನ ಬೇಡ ಅಂದ್ರೆ?'

ಅಂದದ್ದೂ ಉಂಟು. 1997ರ ನವೆಂಬರಿನಲ್ಲಿ ಈ ಲೆವಿ ಬಿದ್ದುಹೋಗಿತ್ತು. ಅರ್ಧಕ್ಕಿಂತ ಹೆಚ್ಚು ಜನ ಬೇಕು ಅಂದಿದ್ದರು, ಆದರೆ ಆಗಿನ ಕಾನೂನಿಗೆ ನೂರಕ್ಕೆ 60 ಬೇಕಿತ್ತು. ಮತ್ತೆ ಜನರ ಹತ್ತಿರ ಹೋಗಿ, ಆರರ ಬದಲು ಮೂರು ವರ್ಷದ್ದಕ್ಕೆ ಒಪ್ಪಿಸಿಕೊಂಡರು. 2018ರಲ್ಲಿ ಕಾನೂನು ಬದಲಾಯ್ತು, ಈಗ ನವೀಕರಣಕ್ಕೆ ಬರೀ ಬಹುಮತ ಸಾಕು. ಹೊಸದಾಗಿ ಹಾಕೋದಾದರೆ ಇವತ್ತಿಗೂ 60.

ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕರು. 'ಭಿಕ್ಷುಕರ ಕರ ಇಲ್ವಾ ಅಂತ ಕೇಳಿದ್ನಲ್ಲ. ಇದೇ ಕಣಮ್ಮ ಅದು. ಆರು ವರ್ಷಕ್ಕೊಂದು ಸಲ ನಿಮ್ಮ ಆಂಬುಲೆನ್ಸೇ ಜೋಳಿಗೆ ಹಿಡ್ಕೊಂಡು ಬರುತ್ತೆ.'

ನನಗೆ ನಗು ಬಂತು, ಆದರೆ ಆ ಮಾತು ಹಾಗೇ ಕೂತಿತು. ಕಿಂಗ್ ಕೌಂಟಿಗೇನೋ ಜೋಳಿಗೆ ಹಿಡಿದರೂ ನಡೆಯುತ್ತೆ. ಇಲ್ಲಿ ಸಾಫ್ಟ್‌ವೇರ್ ದುಡ್ಡಿನಿಂದ ಮನೆ ಬೆಲೆಗಳು ಮುಗಿಲಲ್ಲಿವೆ, ನಾಲ್ಕಾಣೆ ಹಾಕಿದರೂ ಚೀಲ ತುಂಬುತ್ತೆ. ಇದೇ ರಾಜ್ಯದಲ್ಲಿ ಕ್ಯಾಸ್ಕೇಡ್ ಬೆಟ್ಟ ದಾಟಿ ಪೂರ್ವಕ್ಕೆ ಹೋದರೆ ಗೋಧಿ ಹೊಲ, ಸೇಬಿನ ತೋಟ, ಚದುರಿದ ಮನೆಗಳು. ಕಾನೂನಿನಲ್ಲಿ ಈ ಲೆವಿಗೆ 50 ಸೆಂಟಿನ ಮಿತಿ ಇದೆ. ಅಷ್ಟನ್ನೂ ಹಾಕಿದರೂ ಅಲ್ಲಿನ ಒಂದು ಸಣ್ಣ ಊರಿಗೆ ಹಗಲೂ ರಾತ್ರಿ ಇಬ್ಬರು ಪ್ಯಾರಾಮೆಡಿಕ್‌ಗಳನ್ನು ಇಟ್ಟುಕೊಳ್ಳೋದು ಕಷ್ಟ. ಎದೆನೋವು ಬಂದವನ ಊರಿನ ಮನೆಗಳ ಬೆಲೆ ಎಷ್ಟು ಅನ್ನೋದರ ಮೇಲೆ ಅವನ ಹತ್ತಿರಕ್ಕೆ ಯಾರು ಬರ್ತಾರೆ ಅನ್ನೋದು ನಿಂತಿದೆ. ಅಷ್ಟು ದೂರ ಯಾಕೆ, ನಮ್ಮ ಬಾಥೆಲ್ಲೇ ಎರಡು ಕೌಂಟಿಗೆ ಹರಿದುಹೋಗಿರೋ ಊರು. ನನ್ನ ಗೆಳತಿಯ ಮನೆ ಸ್ನೋಹೋಮಿಷ್ ಕೌಂಟಿಯ ಕಡೆಗೆ ಬೀಳುತ್ತೆ, ಅವಳ ಚೀಟಿಯಲ್ಲಿ ಈ ಪ್ರಸ್ತಾಪ ಇರಲೇ ಇಲ್ಲ. ಅಲ್ಲಿ ಲೆಕ್ಕವೇ ಬೇರೆ. ಬಾಡಿಗೆಗೆ ಇರೋರೂ ಬಾಡಿಗೆಯೊಳಗೇ ಇದನ್ನು ಕಟ್ತಾರೆ, ಆದರೆ ಅವರಿಗೆ ಪಟ್ಟಿ ಯಾರೂ ತೋರಿಸಲ್ಲ. ಹನ್ನೊಂದು ವರ್ಷ ನೋಡದೇ ಇದ್ದ ನಾನು ಇದನ್ನು ಹೇಳಬಾರದು, ಆದರೂ.

ಒಪ್ಪಿಗೆಯ ಗುಂಡಿಯನ್ನೇ ಕಪ್ಪು ಮಾಡಿದೆ. ಅಪ್ಪ ಪಕ್ಕದಲ್ಲಿ ನಿಂತು, ಗೆರೆ ದಾಟದ ಹಾಗೆ ತುಂಬು ಅಂದರು.

ಮಾರನೇ ದಿನ ಸಂಜೆ ಇಬ್ಬರೂ ನಡೆದುಕೊಂಡು ಸಿಟಿ ಹಾಲ್ ಹತ್ತಿರದ ಡ್ರಾಪ್ ಬಾಕ್ಸಿಗೆ ಹೋದೆವು. ಏಜೆಂಟ್ ಇಲ್ಲ, ಮಸಿ ಇಲ್ಲ, ಪೊಲೀಸ್ ಇಲ್ಲ, ಒಂದು ಕಬ್ಬಿಣದ ಡಬ್ಬ. ಲಕೋಟೆಯ ಹಿಂದಿನ ನನ್ನ ಸಹಿಯನ್ನು ಅಪ್ಪ ತೆಗೆದು ನೋಡಿ, ಇದು ನಿನ್ನ ಸಹಿಯಾ, ಪಾಸ್‌ಪೋರ್ಟಲ್ಲಿ ಹೀಗೇ ಇದೆಯಾ ಅಂತ ಎರಡು ಸಲ ಕೇಳಿದರು. ಹಾಕಿದ ಮೇಲೆ ಡಬ್ಬದ ಬಾಯೊಳಗೆ ಇಣುಕಿ ನೋಡಿದರು, ಸಿಕ್ಕಿಕೊಂಡಿದೆಯೋ ಏನೋ ಅಂತ.

ನವೆಂಬರ್ 4ಕ್ಕೆ ಎಣಿಕೆ, ಲೆವಿ ಆರಾಮಾಗಿ ಪಾಸಾಯ್ತು. ತಿಂಗಳ ಕೊನೆಗೆ ಅಪ್ಪ ಅಮ್ಮ ಊರಿಗೆ ಹೊರಟರು. ಶನಿವಾರದ ಒಪ್ಪತ್ತು ಬಿಟ್ಟಿಲ್ಲ, ಮಾತ್ರೆಯನ್ನು ಊಟದ ಹೊತ್ತಿಗೆ ತಳ್ಳಿಕೊಳ್ಳಲು ಡಾಕ್ಟರು ಹೇಳಿದ್ದಾರೆ.

ಊರಿಗೆ ಹೋದವರು ಮೊದಲ ವಾರದಲ್ಲೇ ಪಂಚಾಯ್ತಿ ಆಫೀಸಿಗೆ ಹೋಗಿ ಮನೆ ಕಂದಾಯ ಕಟ್ಟಿ, ರಸೀದಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರು. ಮನೆ ಕಂದಾಯ 640, ಆರೋಗ್ಯ ಕರ 96. ಕೆಳಗೊಂದು ವಾಯ್ಸ್ ಮೆಸೇಜು: 'ಇದು ಎಲ್ಲಿಗೆ ಹೋಗುತ್ತೆ ಅಂತ ಕೇಳ್ದೆ ಕಣಮ್ಮ. ಹೊಸ ಹುಡುಗ. ಕಂಪ್ಯೂಟರ್ ನೋಡ್ದ. ಮೇಲಕ್ಕೆ ಹೋಗುತ್ತೆ ಅಣ್ಣ ಅಂದ. ಮೇಲಕ್ಕೆ ಅಂದ್ರೆ ಎಲ್ಲಿಗೆ ಅಂದೆ. ನೀವೇ ಇದ್ರಲ್ಲ ಇಲ್ಲಿ, ನಿಮಗೇ ಗೊತ್ತಿಲ್ವಾ ಅಂದ.'

ಫೆಬ್ರವರಿಯಲ್ಲಿ ಈ ವರ್ಷದ ತೆರಿಗೆ ಲೆಕ್ಕ ಕೌಂಟಿಯ ಸೈಟಿಗೆ ಬಂತು. ತುರ್ತು ವೈದ್ಯಕೀಯದ ಸಾಲಿನ ಮುಂದೆ ನಮ್ಮ ಪಾಲಿಗೆ 230 ಡಾಲರ್. ಆ ಸಾಲಿಗೆ ಕೆಂಪು ಗೆರೆ ಎಳೆದು ಫೋಟೋ ತೆಗೆದು 'ಅಪ್ಪ, ಬಿಲ್ ಬಂತು' ಅಂತ ಕಳಿಸಿದೆ.

ಅಲ್ಲಿ ಬೆಳಗಿನ ಜಾವ. ಐದು ನಿಮಿಷಕ್ಕೇ ಉತ್ತರ ಬಂತು: 'ರಸೀದಿ ಇಟ್ಕೋ.'